ಮೇಲಿಂದ ಕೆಳಗೆ

ಮೊದಲ ಏಟು ಅಂಗಾಲಿಗೆ ಕೇಳಿಸುತ್ತದೆ. ಕಿವಿಗೆ ತಲುಪುವುದು ಆಮೇಲೆ. ತಾರಸಿಯ ಆ ತುದಿಯಲ್ಲಿ ಒಬ್ಬ ಸಮ್ಮಟಿಗೆ ಎತ್ತಿ ಬಿಟ್ಟಿದ್ದಾನೆ. ಈ ತುದಿಯಲ್ಲಿ ನಿಂತ ನಿಮ್ಮ ಕಾಲಡಿ ಮನೆ ಒಮ್ಮೆ ಜುಮ್ಮೆಂದು ಸುಮ್ಮನಾಗುತ್ತದೆ. ಎರಡನೇ ಏಟಿಗೆ ಎದುರು ಮನೆಯ ತೆಂಗಿನಮರದಿಂದ ಕಾಗೆಗಳು ಎದ್ದು ಹೋಗುತ್ತವೆ. ಮೂರನೆಯದಕ್ಕೆ ಹಳೇ ಗಾರೆ ಬಾಯಿ ಬಿಡುತ್ತದೆ. ಒಳಗಿಂದ ಒಂದು ವಾಸನೆ ಮೇಲೇಳುತ್ತದೆ: ಒದ್ದೆ ಸುಣ್ಣ, ಇಟ್ಟಿಗೆ ಪುಡಿ, ಎಷ್ಟೋ ಮಳೆಗಾಲ ಕುಡಿದ ಮಣ್ಣು.

ಬೆಳಿಗ್ಗೆ ಏಳು ಗಂಟೆ. ಆಷಾಢ. ರಾಜಾಜಿನಗರದಲ್ಲಿ, ಡಾ. ರಾಜ್‌ಕುಮಾರ್ ರಸ್ತೆಯಿಂದ ಎರಡು ಕ್ರಾಸ್ ಒಳಗೆ, ತಾತ ಕಟ್ಟಿಸಿದ ಮನೆಯ ನೆತ್ತಿಯ ಮೇಲೆ ನೀವು ನಿಂತಿದ್ದೀರಿ. ಕೆಳಗೆ ಗೇಟಿನ ಹತ್ತಿರ ಒಡೆದ ತೆಂಗಿನಕಾಯಿ, ಕುಂಕುಮ ಮೆತ್ತಿದ ನಿಂಬೆಹೋಳು. ಹೊಸ ಮನೆಗೆ ಗುದ್ದಲಿ ಪೂಜೆ ಶ್ರಾವಣದಲ್ಲಿ. ಆಷಾಢದಲ್ಲಿ ಯಾರೂ ಏನನ್ನೂ ಶುರು ಮಾಡುವುದಿಲ್ಲವಲ್ಲ, ಹಾಗಾಗಿ ಕೆಡವುವುದಕ್ಕೆ ಈ ತಿಂಗಳು ಬಿಡುವಾಗಿ ಸಿಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಗಾಳಿಯೊಂದನ್ನು ಬಿಟ್ಟು. ಆಷಾಢದ ಗಾಳಿ ಮಾಗಡಿ ರಸ್ತೆ ಕಡೆಯಿಂದ ಬೀಸಿ ಬಂದು ಮೊದಲ ಹಿಡಿ ಧೂಳನ್ನು ನೇರ ನಿಮ್ಮ ಬಾಯಿಗೆ ಹಾಕುತ್ತದೆ. ನಾಲಗೆಯ ಮೇಲೆ ಸುಣ್ಣ ಚುರ್ ಎನ್ನುತ್ತದೆ. ಹಲ್ಲು ಕಡಿದರೆ ಕರಕರ.

"ಸಾರ್, ಅಲ್ಲಿ ನಿಲ್ಲಬೇಡಿ. ಗೋಡೆ ಮೇಲೆ ಬನ್ನಿ, ಗೋಡೆ ಮೇಲೆ," ಮೇಸ್ತ್ರಿ ಕೂಗುತ್ತಾನೆ.

ಬನ್ನಿ, ಅವನು ಹೇಳಿದಂತೆ ಮಾಡೋಣ. ನೀವು ನಿಂತಿದ್ದ ಜಾಗದ ಕೆಳಗೆ ಕಂಬಿಯಿಲ್ಲ, ಕಾಂಕ್ರೀಟಿಲ್ಲ. ಇದು ಮದ್ರಾಸ್ ತಾರಸಿ. ಒಂದೂವರೆ ಅಡಿಗೊಂದು ಮರದ ತೊಲೆ. ತೊಲೆಯಿಂದ ತೊಲೆಗೆ ತೆಳು ಇಟ್ಟಿಗೆಗಳನ್ನು ಅಡ್ಡಡ್ಡ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಚ್ಚಿಸಿದ್ದಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಕಲಸಿದ ಗಾರೆ ಹಾಕಿ ಬಡಿದಿದ್ದಾರೆ. ಎಲ್ಲಕ್ಕೂ ಮೇಲೆ ಚದರ ಬಿಲ್ಲೆ. ಒಂದನ್ನೊಂದು ಹಿಡಿದುಕೊಂಡಿರುವವರೆಗೆ ಇಡೀ ಮದುವೆ ಮನೆ ಜನ ಮೇಲೆ ಕುಣಿದರೂ ಅಲುಗುವುದಿಲ್ಲ. ಒಂದು ಕಡೆ ಬಿಚ್ಚಿದಿರೋ, ಪಕ್ಕದ ಇಟ್ಟಿಗೆಗೆ ಯಾವ ಹಿಡಿತವೂ ಉಳಿಯುವುದಿಲ್ಲ. ಅದಕ್ಕೇ ಮೇಸ್ತ್ರಿಯ ಹುಡುಗರು ಎರಡು ತೊಲೆಗಳ ಮೇಲೆ ಹಲಗೆ ಹಾಕಿಕೊಂಡು, ಹಲಗೆಯ ಮೇಲೆ ನಿಂತು, ತಮ್ಮ ಮುಂದಿನದನ್ನು ಒಡೆಯುತ್ತಾ ಹಿಂದೆ ಹಿಂದೆ ಸರಿಯುತ್ತಾರೆ.

"ಮನೆ ಕಟ್ಟೋರು ಕೆಳಗಿಂದ ಮೇಲಕ್ಕೆ ಹೋಗ್ತಾರೆ ಸಾರ್. ನಾವು ಮೇಲಿಂದ ಕೆಳಗೆ ಬರ್ತೀವಿ," ಅವನು ಬೀಡಿ ಹಚ್ಚುತ್ತಾ ಹೇಳುತ್ತಾನೆ. "ಅವಸರ ಮಾಡಿದ್ರೆ ಒಂದೇ ಸಲಕ್ಕೆ ಬರ್ತೀವಿ."

ಮಾಗಡಿ ಕಡೆಯವನು. ಕೆಡವುವ ಕಟ್ಟಡಗಳ ಸುರಕ್ಷತೆಗೆಂದೇ ಐಎಸ್ 4130 ಎಂಬ ಭಾರತೀಯ ಮಾನಕ ಇದೆ ಎಂದು ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ. ಅದರಲ್ಲಿ ಬರೆದಿರುವುದೂ ಇದನ್ನೇ: ಮೇಲಿನಿಂದ ಶುರು ಮಾಡಿ, ಅಂತಸ್ತು ಅಂತಸ್ತಾಗಿ ಕೆಳಗೆ ಬನ್ನಿ.

ಕೈಯಲ್ಲಿ ಒಡೆಸುವುದೋ, ಜೆಸಿಬಿ ತರಿಸುವುದೋ ಎಂದು ನೀವು ರಾತ್ರಿಯೆಲ್ಲಾ ಹೊರಳಾಡಿದ್ದೀರಿ. ಜೆಸಿಬಿ ಬಂದರೆ ಒಂದೇ ದಿನ. ತಮ್ಮ ಹೇಳಿದ್ದೂ ಅದನ್ನೇ, ಬಾಡಿಗೆ ಮನೆಗೆ ತಿಂಗಳು ತಿಂಗಳು ದುಡ್ಡು ಸುರಿಯುವ ಹೆಂಡತಿ ಹೇಳಿದ್ದೂ ಅದನ್ನೇ. ಕೈಯಲ್ಲಾದರೆ ಎರಡು ವಾರ, ಮಳೆ ಬಂದರೆ ಮೂರು. ಆದರೆ ಮೇಸ್ತ್ರಿ ಮೊದಲ ದಿನ ಬಂದವನು ಪಡಸಾಲೆಯ ಬಲಗೋಡೆಗೆ ಕಿವಿ ಕೊಟ್ಟು, ಬೆರಳ ಗಂಟಿನಿಂದ ಎರಡು ಸಲ ತಟ್ಟಿ, "ಇದು ನಿಮ್ಮೊಬ್ಬರದೇ ಗೋಡೆ ಅಲ್ಲ" ಎಂದಿದ್ದ. ಪಕ್ಕದ ಮನೆಯ ತೊಲೆಗಳೂ ಇದೇ ಗೋಡೆಯ ಮೇಲೆ ಕೂತಿವೆ. ಅಲ್ಲಿಗೆ ನಿಮ್ಮ ತೀರ್ಮಾನ ಮುಗಿಯಿತು. ಚಾವಣಿ ಕೈಯಲ್ಲಿ, ಆ ಗೋಡೆಗೆ ಅಂಟಿದ ಅಡ್ಡಗೋಡೆಗಳು ಕೈಯಲ್ಲಿ; ಮಿಕ್ಕಿದ್ದಕ್ಕೆ ಮಾತ್ರ ಜೆಸಿಬಿ.

ರಾಜಾಜಿನಗರ ಬೆಂಗಳೂರಿನ ಕಾರ್ಖಾನೆ ಕೆಲಸಗಾರರಿಗಾಗಿ ಎದ್ದ ಬಡಾವಣೆ. 1949ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನೇ ಹೊತ್ತಿದ್ದು. ಸೈಟು ಹಂಚಿದ್ದು ಸಿಐಟಿಬಿ, ಅಂದರೆ ಈಗಿನ ಬಿಡಿಎಗೆ ಮುಂಚಿನ ಸಂಸ್ಥೆ. ಸಿಮೆಂಟಿಗೆ ಪರ್ಮಿಟ್ಟು ಕಾಯುವ ಆ ಕಾಲದಲ್ಲಿ ನಿಮ್ಮ ತಾತ ಗಾಣದಲ್ಲಿ ಅರೆದ ಸುಣ್ಣದ ಗಾರೆಯನ್ನೇ ನಂಬಿದರು. ನಿಮ್ಮಪ್ಪ ತಾರಸಿಯ ಮೇಲೊಂದು ಶೀಟಿನ ರೂಮು ಎಬ್ಬಿಸಿ ಬಾಡಿಗೆಗೆ ಬಿಟ್ಟರು. ನೀವು ಸ್ಟಿಲ್ಟ್ ಪಾರ್ಕಿಂಗಿನ ಮೇಲೆ ಮೂರು ಅಂತಸ್ತು ಕಟ್ಟುತ್ತೀರಿ. 2014ರ ಮಾರ್ಚ್‌ನಲ್ಲಿ ಇಲ್ಲಿಗೆ ಮೆಟ್ರೋ ಬಂದಮೇಲೆ ಈ ಬೀದಿಯಲ್ಲಿ ಒಂಟಿ ಅಂತಸ್ತಿನ ಮನೆ ಇಟ್ಟುಕೊಂಡವರನ್ನು ನೆಂಟರು ವಿಚಿತ್ರವಾಗಿ ನೋಡುತ್ತಾರೆ.

ಶೀಟಿನ ರೂಮು ನಿನ್ನೆಯೇ ಇಳಿದಿದೆ. ಕಲ್ನಾರಿನ ಶೀಟನ್ನು ಒಡೆಯಬಾರದು, ಅದರ ಪುಡಿ ಎದೆಗೆ ವಿಷ. ಬೋಲ್ಟು ಬಿಚ್ಚಿ, ಒದ್ದೆ ಮಾಡಿ, ಇಡಿಯಾಗಿ ಇಳಿಸಿ ಎಂದು ನೀವು ಪಟ್ಟು ಹಿಡಿದಿರಿ. ಹುಡುಗರು ನಕ್ಕರು. ನಗಲಿ.

ಹತ್ತು ಗಂಟೆಯ ಹೊತ್ತಿಗೆ ನೀವು ಕೆಳಗಿಳಿದು ನೋಡಿದರೆ ಮುಂದಿನ ರೂಮಿನ ಚಾವಣಿಯಲ್ಲಿ ಆಕಾಶ ಕಾಣುತ್ತದೆ. ಸೂರ್ಯ ಎಂದೂ ಬೀಳದ ಮೂಲೆಗೆ ಬಿಸಿಲು ಬಿದ್ದಿದೆ. ಕೆಂಪು ಗಾರೆ ನೆಲ ಅಲ್ಲಿ ಮಾತ್ರ ಹೊಸದಾಗಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಮಂಚ ಇದ್ದ ಜಾಗ ಅದು. ಎಲ್ಲರೂ ಓಡಾಡಿದ ಕಡೆ ನೆಲ ಮಾಸಿದೆ, ನಡುವೆ ನಡುವೆ ಕರಿ ಸಿಮೆಂಟು ಕಾಣುತ್ತಿದೆ.

ನಿಮ್ಮ ಅಂಗಿ ಬೆನ್ನಿಗೆ ಅಂಟಿದೆ. ಬೆವರಿಗೆ ಸುಣ್ಣ ಸೇರಿ ಕತ್ತಿನ ಸುತ್ತ ಉರಿ. ಕಣ್ಣು ಉಜ್ಜಬೇಡಿ. ಉಜ್ಜಿದರೆ ಇನ್ನೂ ಉರಿಯುತ್ತದೆ, ತಣ್ಣೀರು ಚಿಮುಕಿಸಿಕೊಳ್ಳಿ. ಮೂಗಿಗೆ ಕಟ್ಟಿದ ಒದ್ದೆ ಟವೆಲ್ಲಿನ ಹೊರಭಾಗ ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಮೇಲಿನ ಹುಡುಗರಿಗೆ ಅದೂ ಇಲ್ಲ. ಯಾದಗಿರಿ ಕಡೆಯವರು ನಾಲ್ಕು ಜನ, ರಾಯಚೂರಿನವರು ಗಂಡ ಹೆಂಡತಿ. ಹೆಂಡತಿ ಕೆಳಗೆ ಪುಟ್ಟಿಯಲ್ಲಿ ಚೂರು ತುಂಬುತ್ತಾಳೆ. ಅವಳ ರೆಪ್ಪೆಯ ಕೂದಲೆಲ್ಲ ಬೆಳ್ಳಗಾಗಿದೆ. ಕಾಲಿಗೆ ಹವಾಯಿ ಚಪ್ಪಲಿ.

"ಮಾಲಕರೇ, ನೀರು ಕೊಡ್ರೀ," ಮೇಲಿಂದ ಕೂಗು.

ನೀರಿನ ಬಿಂದಿಗೆ ನಡುಮನೆಯ ಕಿಟಕಿಯ ಹತ್ತಿರ ಇದೆ. ನಡುಮನೆಯ ಚಾವಣಿ ಇನ್ನೂ ಪೂರ್ತಿ ಇಳಿದಿಲ್ಲ, ಅರ್ಧ ಭಾಗದಲ್ಲಿ ಇಟ್ಟಿಗೆ ಬಿಚ್ಚಿದ್ದಾರೆ ಅಷ್ಟೇ. ನಾಲ್ಕು ಹೆಜ್ಜೆ ಒಳಗೆ, ನಾಲ್ಕು ಹೆಜ್ಜೆ ಹೊರಗೆ. ಹುಟ್ಟಿದಾಗಿನಿಂದ ನಡೆದಾಡಿದ ನೆಲ, ಇದರಲ್ಲಿ ಯೋಚನೆ ಮಾಡುವುದೇನಿದೆ? ನೀವು ಒಳಗೆ ಹೋಗುತ್ತೀರಿ.

ಬಿಂದಿಗೆಗೆ ಕೈ ಹಾಕುವ ಹೊತ್ತಿಗೆ ಹೆಗಲ ಮೇಲೆ ಏನೋ ಉದುರುತ್ತದೆ. ಧೂಳಲ್ಲ. ಅಷ್ಟು ಒಣಗಿಲ್ಲ, ಅಷ್ಟು ಹಗುರಾಗಿಲ್ಲ. ಕೈಯಲ್ಲಿ ಒರೆಸಿ ನೋಡುತ್ತೀರಿ: ಕಂದು ಬಣ್ಣದ ಮಣ್ಣು, ಅದರೊಳಗೆ ಬಿಳಿ ಹುಳ ಒಂದು ಮಿಸುಕುತ್ತಿದೆ. ಗೆದ್ದಲು.

ತಲೆ ಎತ್ತುತ್ತೀರಿ. ಮೂರನೇ ತೊಲೆ ಗೋಡೆಗೆ ಸೇರುವ ಗೂಡಿನಿಂದ ಆ ಮಣ್ಣು ಸಣ್ಣಗೆ, ಬಿಡದೆ ಸುರಿಯುತ್ತಿದೆ. ಹೊರಗಿನಿಂದ ತೊಲೆ ಗಟ್ಟಿಯಾಗಿಯೇ ಇದೆ. ಬಣ್ಣ ಕೂಡ ಹೋಗಿಲ್ಲ. ಆ ತೊಲೆಯ ಮೇಲಿನ ಹಲಗೆಯಲ್ಲಿ ಯಾರದೋ ನೆರಳು ಓಡಾಡುತ್ತಿದೆ.

ಕೂಗಬೇಕು. ಬಾಯಿಗೆ ಟವೆಲ್ಲು. ಟವೆಲ್ಲು ಎಳೆಯುತ್ತೀರಿ.

ಟಕ್.

ಅಷ್ಟೇ ಸದ್ದು. ಒಣ ಕಡ್ಡಿ ಮುರಿದಷ್ಟು. ತೊಲೆಯ ತುದಿ ಗೂಡಿನಲ್ಲಿ ಹೊರಳುತ್ತದೆ, ಗೇಣಷ್ಟು ಕೆಳಗೆ ಜಾರುತ್ತದೆ, ನಿಲ್ಲುತ್ತದೆ. ಹಲಗೆ ವಾಲುತ್ತದೆ. ಮೇಲೆ ಯಾರೋ "ಯಪ್ಪಾ" ಎನ್ನುತ್ತಾರೆ. ಆಮೇಲೆ ಇಟ್ಟಿಗೆ. ಒಂದು, ಎರಡು, ಇಪ್ಪತ್ತು. ಬಿಂದಿಗೆ ಉರುಳಿ ನೀರು ನಿಮ್ಮ ಪಾದದ ಮೇಲೆ ಹರಿಯುತ್ತದೆ. ಬೆನ್ನು ಗೋಡೆಗೆ ಅಂಟಿದೆ, ಯಾವಾಗ ಹಿಂದೆ ಜಿಗಿದಿರೋ ಗೊತ್ತಿಲ್ಲ. ಬಾಗಿಲು ಬಲಕ್ಕೆ. ಓಡಿ! ಆದರೆ ಧೂಳಿನ ನಡುವಿನಿಂದ ಎರಡು ಕಾಲು ಇಳಿದಿವೆ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಒದೆಯುತ್ತಿವೆ. ನೆಲ ಹುಡುಕುತ್ತಿವೆ. ನೆಲ ಇನ್ನೂ ಐದಾರು ಅಡಿ ಕೆಳಗಿದೆ.

"ಹಿಡ್ಕಾ! ತೊಲಿ ಹಿಡ್ಕಾ! ಬಿಡಬ್ಯಾಡ!"

ಹುಡುಗ ನಾಲ್ಕನೇ ತೊಲೆಯನ್ನು ಕಂಕುಳಲ್ಲಿ ಅವುಚಿಕೊಂಡು ನೇತಾಡುತ್ತಿದ್ದಾನೆ. ನಾಲ್ಕನೆಯದೂ ಅದೇ ಗೋಡೆಯೊಳಗಿನದು. ಅದಕ್ಕೂ ಗೆದ್ದಲು ಹತ್ತಿದೆಯೋ? ಯಾರಿಗೆ ಗೊತ್ತು. ಹೊರಗೆ ಹೋಗಲು ನಿಮಗೆ ಮೂರು ಹೆಜ್ಜೆ. ಏಣಿ ಇರುವುದು ಅಡುಗೆಮನೆಯ ಬಾಗಿಲಲ್ಲಿ, ಎಡಕ್ಕೆ, ಅವನ ಕಾಲುಗಳನ್ನು ದಾಟಿ ಹೋಗಬೇಕು. ಎದೆ ಬಡಿತ ಕಿವಿಯೊಳಗೆ ಕೇಳುತ್ತಿದೆ. ನೀವು ಎಡಕ್ಕೆ ಹೋಗುತ್ತೀರಿ. ಬಗ್ಗಿ, ತಲೆಯ ಮೇಲೆ ಕೈಯಿಟ್ಟುಕೊಂಡು, ಇಟ್ಟಿಗೆಗಳ ಮೇಲೆ ಎಡವುತ್ತಾ. ಏಣಿ ಬಿದಿರಿನದು, ಉದ್ದ, ಬಾಗಿಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ತಿರುಗಿಸಿ. ಇನ್ನೊಮ್ಮೆ. ಬಂತು. ಆ ಬರಿಗಾಲಿನ ಕೆಳಗೆ ತಂದು ಗೋಡೆಗೆ ಒರಗಿಸುತ್ತೀರಿ. ಹೆಬ್ಬೆರಳು ಮೆಟ್ಟಿಲನ್ನು ತಡವುತ್ತದೆ, ತಪ್ಪುತ್ತದೆ, ಮತ್ತೆ ತಡವುತ್ತದೆ, ಹಿಡಿಯುತ್ತದೆ. ಏಣಿಯ ಮೇಲೆ ಅವನ ಭಾರ ಬಿದ್ದಾಗ ನಿಮ್ಮ ಎರಡೂ ಮೊಣಕೈ ನಡುಗುತ್ತವೆ.

ಅವನು ಇಳಿಯುತ್ತಾನೆ. ಇಳಿದವನು ನಿಮ್ಮನ್ನು ನೋಡುವುದಿಲ್ಲ, ಒಂದು ಚಪ್ಪಲಿ ಹುಡುಕುತ್ತಾನೆ.

"ಹೊರಗೆ ಬನ್ರೋ, ಎಲ್ಲಾ ಹೊರಗೆ!" ಮೇಸ್ತ್ರಿಯ ಗಂಟಲು ಹರಿದಿದೆ. ಎಲ್ಲರೂ ಬೀದಿಗೆ ಬಂದು ನಿಂತ ಮೇಲೆ, ಇನ್ನೇನೂ ಆಗುವುದಿಲ್ಲ ಎಂದುಕೊಂಡ ಮೇಲೆ, ಮೂರನೇ ತೊಲೆ ತನ್ನಷ್ಟಕ್ಕೆ ತಾನು ಪೂರ್ತಿ ಕೆಳಗೆ ಬರುತ್ತದೆ. ಕಿಟಕಿಯಿಂದ ಧೂಳು ಉಬ್ಬಿ ಹೊರಬರುತ್ತದೆ.

ಅಂಗಡಿಯಿಂದ ಚಹಾ ಬರುತ್ತದೆ, ಸಕ್ಕರೆ ಜಾಸ್ತಿ. ಲೋಟ ಹಿಡಿದ ನಿಮ್ಮ ಕೈ ಇನ್ನೂ ನಿಂತಿಲ್ಲ. ಹುಡುಗನ ಕಂಕುಳ ಚರ್ಮ ಉದ್ದಕ್ಕೆ ಸುಲಿದಿದೆ, ಅರಿಶಿನ ಹಚ್ಚಿಕೊಂಡು ಕೂತಿದ್ದಾನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಇಎಸ್‌ಐ ಆಸ್ಪತ್ರೆ ಇಲ್ಲೇ ಇದೆ. ಆದರೆ ಅದರ ಕಾರ್ಡು ಇವನಂಥ ದಿನಗೂಲಿಯವನ ಜೇಬಿನಲ್ಲಿರುವುದಿಲ್ಲ. ನಡಿ, ಯಾವುದಾದರೂ ಕ್ಲಿನಿಕ್ಕಿಗೆ ತೋರಿಸೋಣ ಎನ್ನುತ್ತೀರಿ.

"ಬ್ಯಾಡ್ರಿ. ಏನೂ ಆಗಿಲ್ಲ," ಎನ್ನುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮವ್ವಗ ಹೇಳಬ್ಯಾಡ್ರಿ, ಮಾಲಕರೇ." ನೀವು ಅವನ ತಾಯಿಯನ್ನು ಎಂದೂ ಕಂಡವರಲ್ಲ, ಕಾಣುವವರೂ ಅಲ್ಲ.

ಆದರೂ ಹೇಳುವುದಿಲ್ಲ ಎಂದು ಮಾತು ಕೊಡುತ್ತೀರಿ.

ಮೇಸ್ತ್ರಿ ಹಾರೆ ಹಿಡಿದು ಒಬ್ಬನೇ ಒಳಗೆ ಹೋಗಿ, ಉಳಿದ ತೊಲೆಗಳ ತುದಿಗೆ ಒಂದೊಂದಾಗಿ ಕುಟ್ಟಿ ಬರುತ್ತಾನೆ. ಗಟ್ಟಿ ಮರದ ಸದ್ದು ಬೇರೆ, ಪೊಳ್ಳು ಮರದ ಸದ್ದು ಬೇರೆ. ಬೀದಿಯಲ್ಲಿ ನಿಂತೇ ನಿಮಗೂ ವ್ಯತ್ಯಾಸ ತಿಳಿಯುತ್ತದೆ. ಎರಡು ಪೊಳ್ಳು. ಬಚ್ಚಲುಮನೆಯ ಕಡೆಯವು, ಎಪ್ಪತ್ತು ವರ್ಷ ಹಂಡೆಯ ಹಬೆ ಕುಡಿದ ಗೋಡೆ ಅದು. ಈ ಕುಟ್ಟುವ ಕೆಲಸವನ್ನು ಬೆಳಿಗ್ಗೆ ಮೊದಲ ಏಟಿಗೆ ಮುಂಚೆ ಮಾಡಬೇಕಿತ್ತು. ಅವನಿಗೂ ಗೊತ್ತು, ನಿಮಗೂ ಗೊತ್ತು. ಇಬ್ಬರೂ ಆ ಮಾತು ಆಡುವುದಿಲ್ಲ.

ಈಗ ನೀವು ಹೇಳಬೇಕು, ಮುಂದುವರಿಸುವುದೋ ನಿಲ್ಲಿಸುವುದೋ. ನಿಲ್ಲಿಸಿದರೆ ಆರು ಜನರ ಅರ್ಧ ದಿನದ ಕೂಲಿ ಯಾರ ತಲೆಗೆ? ಮೇಸ್ತ್ರಿ ನೆಲ ನೋಡುತ್ತಿದ್ದಾನೆ. ಹುಡುಗರು ಚಹಾ ಲೋಟ ನೋಡುತ್ತಿದ್ದಾರೆ. ಕೂಲಿ ಪೂರ್ತಿ ನನ್ನದು, ಇವತ್ತು ಸಾಕು ಎನ್ನುತ್ತೀರಿ. ನಾಳೆ ಹಗ್ಗ ಬೇಕು, ಹೆಲ್ಮೆಟ್ ಬೇಕು, ಪ್ರತಿ ತೊಲೆಯ ಕೆಳಗೆ ಸರ್ವೆ ಮರದ ಆಸರೆ ಬೇಕು. ಕೆಡವುವ ಮನೆಗೆ ಆಸರೆಯಾ ಎಂದು ಎದುರು ಮನೆಯವರು ಕೇಳುತ್ತಾರೆ. ಹೌದು, ಬೀಳಿಸಬೇಕಾದ ಚಾವಣಿಗೇ ಆಸರೆ ಬೇಕು. ಅದು ನಾವು ಹೇಳಿದಾಗ ಬೀಳಬೇಕಲ್ಲ.

ಮಧ್ಯಾಹ್ನ ಪಕ್ಕದ ಮನೆ ಅಜ್ಜಿ ಗೇಟಿಗೆ ಬರುತ್ತಾರೆ. ಮೂಗಿಗೆ ಸೆರಗು. ನಿಮ್ಮನ್ನು ತೊಟ್ಟಿಲಲ್ಲಿ ಕಂಡವರು.

"ಏನೋ ಮರಿ, ನಿಮ್ಮ ಗೋಡೆ ಜೊತೆ ನಮ್ಮದೂ ಬರಲ್ಲ ತಾನೆ?"

"ಇಲ್ಲಜ್ಜಿ. ಅದನ್ನ ಮುಟ್ಟೋದೇ ಇಲ್ಲ."

"ಕಮಲಾನಗರದವ್ರೂ ಹಾಗೇ ಅಂದ್ಕೊಂಡಿದ್ರು."

ಆ ಹೆಸರು ಸಾಕು. 2021ರ ಅಕ್ಟೋಬರ್‌ನಲ್ಲಿ, ಜಡಿಮಳೆಯ ಒಂದು ರಾತ್ರಿ, ಇಲ್ಲಿಂದ ದೂರವಿಲ್ಲದ ಕಮಲಾನಗರದಲ್ಲಿ, ಶಂಕರನಾಗ್ ಬಸ್ ನಿಲ್ದಾಣದ ಹತ್ತಿರ ಒಂದು ಬಹುಮಹಡಿ ಕಟ್ಟಡ ವಾಲಿತ್ತು. ಒಳಗಿದ್ದವರು ರಾತ್ರೋರಾತ್ರಿ ಹೊರಬಂದರು, ಪಾಲಿಕೆ ಅದನ್ನು ಕೆಡವಿತು. ಉಟ್ಟ ಬಟ್ಟೆಯಲ್ಲಿ ಬೀದಿಯಲ್ಲಿ ನಿಂತವರನ್ನು ಪಶ್ಚಿಮ ಬೆಂಗಳೂರೆಲ್ಲ ಟಿವಿಯಲ್ಲಿ ನೋಡಿದೆ. ಅಂದಿನಿಂದ ಈ ಕಡೆಯ ಅಜ್ಜಿಯಂದಿರಿಗೆ ಗೋಡೆಯ ಬಿರುಕು ಬರೀ ಬಿರುಕಾಗಿ ಉಳಿದಿಲ್ಲ.

ಅಜ್ಜಿಯ ಮನೆಯೊಳಗೆ ಹೋಗಿ. ಸಾರಿಗೆ ಒಗ್ಗರಣೆ ಹಾಕಿದ ವಾಸನೆ, ಅದರ ಮೇಲೆ ನಿಮ್ಮ ಮನೆಯ ಸುಣ್ಣದ ಧೂಳು. ಜಂಟಿ ಗೋಡೆಯ ಈ ಮಗ್ಗುಲಲ್ಲಿ ದೇವರ ಪಟಗಳು. ಅವುಗಳ ಪಕ್ಕ ಕೂದಲೆಳೆಯಂಥ ಬಿರುಕೊಂದು ಚಾವಣಿಯಿಂದ ಎದೆಮಟ್ಟದವರೆಗೆ ಇಳಿದಿದೆ. ಹಳೆಯದೋ, ಬೆಳಿಗ್ಗೆಯದೋ? ಅಜ್ಜಿಗೂ ನೆನಪಿಲ್ಲ. ಮೇಸ್ತ್ರಿ ಜೇಬಿನಿಂದ ಮೂರು ಗಾಜಿನ ಪಟ್ಟಿ ತೆಗೆಯುತ್ತಾನೆ, ಬೆರಳಗಲ, ಬೆರಳುದ್ದ. ಬಿರುಕಿನ ಅಡ್ಡಕ್ಕೆ ಒಂದೊಂದನ್ನೂ ಸಿಮೆಂಟಿನಲ್ಲಿ ಅಂಟಿಸಿ, ಉಗುರಿನಿಂದ ಅಂಚು ಒರೆಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯುತ್ತಾನೆ. ಗೋಡೆ ಕೂದಲಷ್ಟು ಸರಿದರೂ ಗಾಜು ಸೀಳುತ್ತದೆ.

"ಇದು ಒಡೆದ್ರೆ ನನ್ನ ಕರೀರಿ ಅಜ್ಜಿ. ರಾತ್ರಿ ಆದ್ರೂ ಪರವಾಗಿಲ್ಲ."

ನೀವು ಮೊಬೈಲಿನಲ್ಲಿ ಆ ಗೋಡೆಯ ಮೂಲೆಮೂಲೆಯ ಫೋಟೋ ತೆಗೆಯುತ್ತೀರಿ. ಅಜ್ಜಿಗೂ ಕಳಿಸುತ್ತೀರಿ, ನಾಳೆ ಜಗಳವಾದರೆ ಇಬ್ಬರ ಹತ್ತಿರವೂ ಒಂದೇ ಸಾಕ್ಷಿ ಇರಲಿ.

ಮುಂದಿನ ದಿನಗಳು ಧೂಳಿನಲ್ಲಿ ಕಲಸಿ ಹೋಗುತ್ತವೆ. ಚಾವಣಿ ಇಳಿಯಿತು. ತೊಲೆಗಳು ಅಂಗಳದಲ್ಲಿ ಸಾಲಾಗಿ ಮಲಗಿವೆ. ಬಾಗಿಲು, ಕಿಟಕಿ, ತೊಲೆ ಎಲ್ಲ ಒಡೆಯುವವನ ಪಾಲು, ಒಪ್ಪಂದವೇ ಹಾಗೆ. ತೇಗದ ಮರವಿರುವ ಮನೆಯಾದರೆ ಒಡೆಯುವವನು ನಿಮಗೆ ದುಡ್ಡು ಕೊಡುತ್ತಾನೆ, ಬರೀ ಕಾಂಕ್ರೀಟಾದರೆ ನೀವು ಅವನಿಗೆ ಕೊಡುತ್ತೀರಿ. ಹಳೇ ಮನೆಯ ಮರ ಹೊಸ ಮನೆಗೆ ಆಗಿಬರುವುದಿಲ್ಲ ಎಂದು ವಾಸ್ತು ನೋಡುವವರು ಹೇಳಿದ್ದಾರೆ. ನಾನು ನಂಬುವವನಲ್ಲ, ಎಪ್ಪತ್ತು ವರ್ಷ ಒಣಗಿ ಪಳಗಿದ ತೇಗವನ್ನು ಮಾರಿ, ಹಸಿ ಮರದ ಚೌಕಟ್ಟಿಗೆ ಅದರ ಮೂರರಷ್ಟು ಸುರಿಯುವುದು ನನ್ನ ತಲೆಗೆ ಹೋಗುವುದಿಲ್ಲ. ಆದರೆ ಮನೆ ನಿಮ್ಮದು.

ಗೋಡೆಗಳ ಸರದಿ. ಅಡ್ಡಗೋಡೆ ಜಂಟಿ ಗೋಡೆಯನ್ನು ಸೇರುವ ಕಡೆ ಒಂದು ಸಾಲು ಇಟ್ಟಿಗೆಯನ್ನು ಉಳಿ ಸುತ್ತಿಗೆಯಲ್ಲಿ ಒಂದೊಂದಾಗಿ ಬಿಡಿಸುತ್ತಾರೆ, ಮೇಲಿಂದ ಕೆಳಗೆ. ಬೆರಳು ತೂರುವಷ್ಟು ಸಂದಿ. ಇನ್ನು ಈ ಕಡೆ ಏನೇ ಬಡಿದರೂ ನಡುಕ ಆ ಕಡೆ ದಾಟಬಾರದು. ಜಂಟಿ ಗೋಡೆಗೆ ಓರೆಯಾಗಿ ಸರ್ವೆ ಕಂಬಗಳು ನಿಲ್ಲುತ್ತವೆ. ಅಜ್ಜಿ ದಿನಕ್ಕೆ ಮೂರು ಸಲ ಗಾಜು ನೋಡಿ, ಕಾಂಪೌಂಡಿನಾಚೆಯಿಂದ ಕೈಯಾಡಿಸುತ್ತಾರೆ. ಇದೆ, ಇದೆ.

ಜೆಸಿಬಿ ಬಂದ ದಿನ ಬೀದಿಯ ಮಕ್ಕಳಿಗೆ ಹಬ್ಬ. ಹಳದಿ ತೋಳು ಮುಂದಿನ ಗೋಡೆಯ ನೆತ್ತಿಗೆ ಉಗುರು ಹಾಕಿ ತನ್ನತ್ತ ಎಳೆಯುತ್ತದೆ. ಆಪರೇಟರ್‌ಗೆ ಅವಸರ, ಸಂಜೆಗೆ ವಿಜಯನಗರದಲ್ಲಿ ಇನ್ನೊಂದು ಮನೆ ಇದೆಯಂತೆ. ಬುಡಕ್ಕೆ ಕೊಟ್ಟರೆ ಇಡೀ ಗೋಡೆ ಒಂದೇ ಏಟಿಗೆ ಮಲಗುತ್ತದೆ ಸಾರ್, ಎನ್ನುತ್ತಾನೆ. ಮಲಗುತ್ತದೆ ನಿಜ. ಯಾವ ಕಡೆ ಎಂದು ಗೋಡೆಯನ್ನು ಕೇಳಿದವರಿಲ್ಲ. ಬೇಡ, ಮೇಲಿನಿಂದಲೇ, ಎನ್ನುತ್ತೀರಿ. ಅವನು ಮುಖ ಗಂಟಿಕ್ಕಿ ಗೇರು ಹಾಕುತ್ತಾನೆ.

ಹಿತ್ತಲಲ್ಲಿ ಅವನ ಮುಂದಿನ ಚಕ್ರ ನೆಲಕ್ಕೆ ಇಳಿಯುತ್ತದೆ. ಇಷ್ಟೇ ಇಷ್ಟು, ಅರ್ಧ ಚಕ್ರ. ಎಂಜಿನ್ ಕಿರುಚುತ್ತದೆ, ಗಾಡಿ ಅಜ್ಜಿಯ ಮನೆ ಕಡೆಗೆ ವಾಲುತ್ತದೆ, ನಿಮ್ಮ ಹೊಟ್ಟೆ ತಣ್ಣಗಾಗುತ್ತದೆ. ಅವನು ತೋಳನ್ನು ನೆಲಕ್ಕೆ ಊರಿ, ಅದರ ಬಲದಲ್ಲೇ ಗಾಡಿಯನ್ನು ಹಿಂದಕ್ಕೆ ಎತ್ತಿಕೊಳ್ಳುತ್ತಾನೆ. ಒಪ್ಪಬೇಕು, ಕೈ ಪಳಗಿದವನು. ಕೆಳಗೆ ನೋಡಿದರೆ ಕಲ್ಲುಚಪ್ಪಡಿ ಮುಚ್ಚಿದ ಹಳೇ ನೀರಿನ ತೊಟ್ಟಿ. ಈ ಊರಿಗೆ ಕಾವೇರಿ ಬಂದದ್ದು 1974ರಲ್ಲಿ. ಅದಕ್ಕೆ ಮುಂಚೆ ತಿಪ್ಪಗೊಂಡನಹಳ್ಳಿಯ ನೀರು ನಲ್ಲಿಯಲ್ಲಿ ಬಂದಷ್ಟು ಹೊತ್ತು ಹಿಡಿದಿಡಲು ಮನೆಮನೆಯಲ್ಲೂ ತೊಟ್ಟಿ ಇರುತ್ತಿತ್ತು. ಮುಚ್ಚಿದವರು ಯಾರೋ, ಯಾವಾಗಲೋ. ಯಾರೂ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ತಲೆಬಾಗಿಲ ಹೊಸ್ತಿಲು. ಅದನ್ನು ಹಾರೆಯಿಂದ ಮೀಟುವಾಗ ಮಾತ್ರ ಮೇಸ್ತ್ರಿ ಚಪ್ಪಲಿ ಬಿಡುತ್ತಾನೆ. ಮರದ ಮೇಲೆ ಅರಿಶಿನದ ಪದರ ಎಷ್ಟು ದಪ್ಪವೆಂದರೆ ಉಗುರು ಹಾಕಿದರೆ ಸಿಪ್ಪೆ ಏಳುತ್ತದೆ. ಹೊಸ್ತಿಲ ಕೆಳಗಿನ ಮಣ್ಣಲ್ಲಿ ರಾಯಚೂರಿನ ಆ ಹೆಂಗಸಿನ ಕೈಗೆ ಹಸಿರುಗಟ್ಟಿದ ಕಾಸೊಂದು ಸಿಗುತ್ತದೆ, ನಡುವೆ ತೂತು. ಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ನಾಲ್ಕೈದು ವರ್ಷ ಅಚ್ಚು ಹಾಕಿದ ಕಾಸು ಅದು. ಹೊಸ್ತಿಲು ಕೂರಿಸುವ ದಿನ ನಿಮ್ಮ ಅಜ್ಜಿ ಹಾಕಿರಬೇಕು. ಆ ಹೆಂಗಸು ಸೆರಗಿನಲ್ಲಿ ಒರೆಸಿ ನಿಮ್ಮ ಅಂಗೈಯಲ್ಲಿಡುತ್ತಾಳೆ. "ಹೊಸ ಬಾಗಿಲಿಗೂ ಇದನ್ನೇ ಹಾಕ್ರೀ ಯಣ್ಣಾ." ವಾಸ್ತುವಿನವರನ್ನು ಕೇಳುವ ಮನಸ್ಸು ನಿಮಗಾಗುವುದಿಲ್ಲ. ಜೇಬಿಗೆ ಹಾಕಿಕೊಳ್ಳುತ್ತೀರಿ.

ಇನ್ನು ಟ್ರ್ಯಾಕ್ಟರ್. ರಾತ್ರಿ ಹತ್ತರ ಮೇಲೆ ಬರುತ್ತದೆ. ಮನೆಯೆಂದರೆ ಈಗ ಇಟ್ಟಿಗೆ ಚೂರು, ಗಾರೆ, ಕೆಂಪು ನೆಲದ ತುಂಡು. ಲೋಡು ಲೋಡಾಗಿ ಹೋಗುತ್ತಿದೆ. ಎಲ್ಲಿಗೆ ಎಂದು ಕೇಳಿ. ಕೇಳಲೇಬೇಕು.

"ಕೆಂಗೇರಿ ಕಡೆ ಸಾರ್."

"ಕೆಂಗೇರಿ ಕಡೆ ಎಲ್ಲಿ?"

ಡ್ರೈವರ್ ಹಲ್ಲು ಬಿಡುತ್ತಾನೆ. ವೃಷಭಾವತಿಯ ದಂಡೆ ಉದ್ದಕ್ಕೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಎಷ್ಟೋ ಹಳೇ ಮನೆಗಳ ನೆಲ ಅಲ್ಲಿ ನೀರಿನ ಅಂಚಿನಲ್ಲಿ ಬಿದ್ದಿದೆ. ರಾಜಾಜಿನಗರದ ಮಳೆನೀರು ಹರಿದು ಹೋಗುವುದೂ ಆ ಕಣಿವೆಗೇ. ಕಟ್ಟಡ ತ್ಯಾಜ್ಯವನ್ನು ಹೀಗೆ ಚರಂಡಿ, ಹೊಳೆ, ರಸ್ತೆಬದಿಗೆ ಸುರಿಯಬಾರದೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ. ಇಟ್ಟಿಗೆ ಚೂರನ್ನು ಪಾಯದ ಒಳತುಂಬಿಗೆ ಬಳಸಬಹುದು, ನಿಮ್ಮ ಸೈಟಿನಲ್ಲೇ. ಅರ್ಧದಷ್ಟು ಇಲ್ಲೇ ಉಳಿಸಿ, ಮಿಕ್ಕಿದ್ದಕ್ಕೆ ಪಾಲಿಕೆ ತೋರಿಸಿದ ಜಾಗ ಎನ್ನುತ್ತೀರಿ. ಬಾಡಿಗೆ ಜಾಸ್ತಿಯಾಗುತ್ತದೆ ಎನ್ನುತ್ತಾನೆ ಡ್ರೈವರ್. ಆಗಲಿ ಎನ್ನುವಾಗ ಗಂಟಲು ಒಣಗುತ್ತದೆ, ಯಾಕೆಂದರೆ ಬ್ಯಾಂಕಿನ ಸಾಲ ಇನ್ನೂ ಕೈಗೆ ಬಂದಿಲ್ಲ.

ಬಸವೇಶ್ವರನಗರ, ವಿಜಯನಗರ, ರಾಜಾಜಿನಗರ, ಯಾವ ಕ್ರಾಸಿಗೆ ಹೋದರೂ ಹಲ್ಲು ಬಿದ್ದಂಥ ಒಂದು ಖಾಲಿ ಸೈಟು ಕಾಣುತ್ತದೆ. ನಾಳೆ ನಿಮ್ಮದೂ ಇರಬಹುದು. ಕೀಲಿ ಕೊಟ್ಟು ದೂರ ಹೋಗಬೇಡಿ. ಬೆಸ್ಕಾಂನವರು ಕಂಬದಿಂದಲೇ ಲೈನು ಕಳಚುವವರೆಗೆ ಒಂದು ಏಟೂ ಬೀಳಲು ಬಿಡಬೇಡಿ. ತೊಲೆಯ ತುದಿ ಕುಟ್ಟಿಸಿ ನೋಡಿ. ಪಕ್ಕದವರ ಗೋಡೆಯ ಫೋಟೋ ತೆಗೆದಿಡಿ. ಕೆಲಸಕ್ಕೆ ಬಂದವರಿಗೆ ಹೆಲ್ಮೆಟ್ಟು, ಹಗ್ಗ, ಬೂಟು ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿ, ಇಲ್ಲವೆಂದರೆ ನೀವೇ ತಂದುಕೊಡಿ. ಅವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇದೆಯೇ ಎಂದೂ ಕೇಳಿ: ಕಾನೂನಿನ ಪ್ರಕಾರ ಕೆಡವುವುದೂ ಕಟ್ಟಡ ಕೆಲಸವೇ, ಹದಿನೆಂಟರಿಂದ ಅರವತ್ತರ ಒಳಗಿನವರು ವರ್ಷದಲ್ಲಿ 90 ದಿನ ದುಡಿದಿದ್ದರೆ ನೋಂದಾಯಿಸಿಕೊಳ್ಳಬಹುದು. ಅರ್ಜಿಗೆ ಕೆಲಸದ ಪ್ರಮಾಣಪತ್ರ ಬೇಕಾಗುತ್ತದೆ. ಮಾಲೀಕರ ಜಾಗದಲ್ಲಿ ಒಂದು ಸಹಿ. ಹಾಕಿಕೊಡಿ.